ಕಡ್ಡಿ ಕೈಗೆ ಸಿಗದಿದ್ದರೆ

ಕೇಳುಗರಿಗೆ ನಮಸ್ಕಾರ. ಗುಳೇದಗುಡ್ಡ ಕಡೆಯ ಒಬ್ಬ ಹೆಣ್ಣುಮಗಳು ಈಚೆಗೆ ನನ್ನ ಮುಂದೆ ಕೂತು, ಖಣದ ಕುಪ್ಪಸದ ತೋಳು ಮೇಲೇರಿಸಿ ಎಡಗೈ ಚಾಚಿದಳು. ರಟ್ಟೆಯ ಒಳಮೈಯಲ್ಲಿ ಹೊಲಿಗೆ ಹಾಕಿದ ಗಾಯ. ‘ಇಲ್ಲೇ ಕೊಯ್ದು ನೋಡಿದ್ರು, ಸಿಗಲಿಲ್ಲಂದ್ರು. ಕಡ್ಡಿ ಒಳಗ ಕರಗಿ ಹೋಗೇತೇನ್ರಿ ಬಾಯಾರ?’

ಇಲ್ಲ ತಾಯಿ, ಅದು ಕರಗುವಂಥದ್ದಲ್ಲ. ಗರ್ಭ ನಿಲ್ಲದಂತೆ ಚರ್ಮದ ಕೆಳಗೆ ಇಡುವ ಈ ಇಂಪ್ಲಾಂಟ್ 4 ಸೆಂಟಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪದ ಮೆತ್ತನೆಯ ಕಡ್ಡಿ. ಒಳಗೆ 68 ಮಿಲಿಗ್ರಾಂ ಹಾರ್ಮೋನು. ಸರಿಯಾಗಿ ಕೂತಿದ್ದರೆ ಬೆರಳಿಗೆ ಸಿಗುತ್ತದೆ. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಚರ್ಮ ಎತ್ತಿ ತೋರಿಸುತ್ತದೆ. ಅಲ್ಲಿ 2-3 ಮಿಲಿಮೀಟರ್ ಕೊಯ್ದರೆ ಸಾಕು, ಹೊರಗೆ ಬರುತ್ತದೆ.

ಆದರೆ ಹಾಕುವಾಗ ಸೂಜಿ ಕೆಳಮುಖವಾಗಿ ಹೋದರೆ ಕಡ್ಡಿ ಸ್ನಾಯುವಿನವರೆಗೂ ಇಳಿಯಬಹುದು. ಕೈಯ ದೊಡ್ಡ ರಕ್ತನಾಳ, ಬೆರಳುಗಳಿಗೆ ಹೋಗುವ ನರಗಳು ಇರುವುದೂ ಅಲ್ಲೇ. ಅಂದಾಜಿನ ಮೇಲೆ ಕೆದಕಿದರೆ ಕಿರುಬೆರಳು ಜೋಮು ಹಿಡಿದೇ ಉಳಿದೀತು. ಮಗ್ಗದಲ್ಲಿ ಕಡಿದ ಎಳೆಗೆ ಗಂಟು ಹಾಕುವ ಕೈ ಅದು!

ಅದಕ್ಕೇ ಕೈಜೋಡಿಸಿ ಕೇಳುತ್ತೇನೆ: ಕಡ್ಡಿ ಬೆರಳಿಗೆ ಸಿಗದಿದ್ದರೆ ಯಾರಿಗೂ ಕೊಯ್ಯಲು ಬಿಡಬೇಡಿ. ಮೊದಲು ಎಲ್ಲಿದೆ ಎಂದು ಗೊತ್ತಾಗಲಿ. ಈಗಿನ ಕಡ್ಡಿಗಳಲ್ಲಿ ಬೇರಿಯಂ ಸಲ್ಫೇಟ್ ಇರುವುದರಿಂದ ಎಕ್ಸ್‌ರೇಯಲ್ಲಿ ಬಿಳಿ ಗೀರಿನಂತೆ ಕಾಣುತ್ತದೆ. ಆಳ ತಿಳಿಯಲು ಸ್ಕ್ಯಾನಿಂಗ್ ಬೇಕು. ಸ್ಕ್ಯಾನಿಂಗಿಗೆ ಮೈಮೇಲೆ ಆಡಿಸುವ ಹಿಡಿಗೆ ಪ್ರೋಬ್ ಎನ್ನುತ್ತಾರೆ. ಹೊಟ್ಟೆಗೆ ಇಡುವ ಪ್ರೋಬ್ ಅಲ್ಲ, ಚರ್ಮದ ಹತ್ತಿರದ್ದನ್ನು ಚೊಕ್ಕವಾಗಿ ತೋರಿಸುವ ಲೀನಿಯರ್ ಪ್ರೋಬ್. ಪರದೆಯಲ್ಲಿ ಕಡ್ಡಿಗಿಂತ ಮೊದಲು ಅದರ ಕೆಳಗಿನ ಕಪ್ಪು ನೆರಳು ಕಣ್ಣಿಗೆ ಬೀಳುತ್ತದೆ.

ಆ ಹೆಣ್ಣುಮಗಳ ಕಡ್ಡಿ ಗಾಯದಿಂದ ಎರಡು ಬೆರಳು ಮೇಲೆ, ಸ್ನಾಯುವಿನ ಪೊರೆಗೆ ಅಂಟಿಕೊಂಡು ಮಲಗಿತ್ತು. ಪರದೆ ನೋಡುತ್ತ ಚರ್ಮದ ಮೇಲೆ ಪೆನ್ನಿನಿಂದ ಗೆರೆ ಎಳೆದೆವು. ಅನುಭವಿ ಸರ್ಜನ್ ಒಬ್ಬರು ಅದೇ ಗೆರೆ ಹಿಡಿದು ತೆಗೆದರು. ಟ್ರೇಯಲ್ಲಿಟ್ಟು ಅಳೆದೆವು: 4 ಸೆಂಟಿಮೀಟರ್, ಒಂದು ಚೂರೂ ಒಳಗೆ ಉಳಿದಿರಲಿಲ್ಲ. ಆಕೆ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿಕೊಂಡಳು.

ತೋಳಿನಲ್ಲಿ ಎಲ್ಲೂ ಕಾಣದಿದ್ದರೆ ಎದೆಯ ಎಕ್ಸ್‌ರೇ ತೆಗೆಸುತ್ತೇವೆ. ತೀರಾ ಅಪರೂಪಕ್ಕೆ ರಕ್ತನಾಳ ಹೊಕ್ಕು ಶ್ವಾಸಕೋಶ ಸೇರಿದ್ದುಂಟು. ಕೆಲವೊಮ್ಮೆ ಕಡ್ಡಿ ಒಳಗೆ ಹೋಗಿಯೇ ಇರುವುದಿಲ್ಲ, ಸೂಜಿಯಲ್ಲೇ ಉಳಿದಿರುತ್ತದೆ. ಖಾತ್ರಿಯಾಗುವವರೆಗೆ ನಿರೋಧ್ ಬಳಸಬೇಕು.

ಅಕ್ಕ-ತಂಗಿಯರೇ, ಹಾಕಿಸಿಕೊಂಡ ದಿನವೇ, ಡಾಕ್ಟರ ಮುಂದೆಯೇ ನಿಮ್ಮ ಬೆರಳಿನಿಂದ ಕಡ್ಡಿ ಮುಟ್ಟಿ ನೋಡಿ. ಸಿಗದಿದ್ದರೆ ಅಲ್ಲೇ ಹೇಳಿ, ಸಂಕೋಚ ಬೇಡ. ಯಾವ ಕೈ, ಯಾವ ತಾರೀಖು ಎಂದು ಬರೆದುಕೊಟ್ಟ ಚೀಟಿಯನ್ನು ತಾಯಿ ಕಾರ್ಡಿನ ಒಳಗೇ ಇಟ್ಟುಕೊಳ್ಳಿ.