ಥೆಟ್‌ಫರ್ಡ್‌ನ ಹಳೆಯ ಮನೆ ಮತ್ತು ಅದನ್ನು ಕೊಟ್ಟವರು

ಆತ್ಮೀಯ ಸಭಿಕರೇ,

ಕೇಂಬ್ರಿಜ್‌ನಿಂದ ನಾರಿಜ್‌ಗೆ ಹೋಗುವ ರೈಲು ಪೈನ್ ಮರಗಳ ಕಾಡನ್ನು ಹಾದು ಥೆಟ್‌ಫರ್ಡ್ ಎಂಬ ಸಂತೆಯೂರಿನಲ್ಲಿ ನಿಲ್ಲುತ್ತದೆ. ಅಲ್ಲಿನ ವೈಟ್ ಹಾರ್ಟ್ ಬೀದಿಯಲ್ಲಿ 1490ರ ಸುಮಾರಿಗೆ ಕಟ್ಟಿದ ಮರದ ಚೌಕಟ್ಟಿನ ಮನೆಯೊಂದಿದೆ. ಒಳಗೆ ಹೋಗಿ ತಲೆಯೆತ್ತಿದರೆ ಕಾಲದಿಂದ ಕಪ್ಪಾದ ಓಕ್ ತೊಲೆಗಳು ಕಾಣುತ್ತವೆ. ಅವುಗಳ ಮೇಲೆ ಉಳಿಯಿಂದ ಬಿಡಿಸಿದ ಕೆತ್ತನೆಯನ್ನು ನೋಡಿದರೆ, ಇದನ್ನು ಕಟ್ಟಿಸಿದ ವರ್ತಕನು ಮನೆಗೆ ಬಂದವರಿಗೆ ತನ್ನ ಸಿರಿಯನ್ನು ತೋರಿಸಲೆಂದೇ ಬಡಗಿಗೆ ಕೈತುಂಬ ಕೊಟ್ಟಿರಬೇಕು ಎನಿಸುತ್ತದೆ. ಇದೇ 'ಏನ್ಷಂಟ್ ಹೌಸ್', ಈ ಊರಿನ ವಸ್ತುಸಂಗ್ರಹಾಲಯ.

ಈ ಕಟ್ಟಡಕ್ಕಿಂತಲೂ ಅದನ್ನು ಊರಿಗೆ ಕೊಟ್ಟವರ ಬಗ್ಗೆ ನಾನು ಇಂದು ಹೆಚ್ಚು ಹೇಳಬೇಕಾಗಿದೆ. ಅವರು ರಾಜಕುಮಾರ ಫ್ರೆಡರಿಕ್ ದುಲೀಪ್ ಸಿಂಗ್, ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗರ ಮಗ. ತಂದೆಯವರು ಐದನೆಯ ವಯಸ್ಸಿನಲ್ಲಿ ಲಾಹೋರಿನ ಗದ್ದುಗೆಯನ್ನೇರಿ, ಹತ್ತು ತುಂಬಿದ ಮೇಲೆ, 1849ರಲ್ಲಿ, ರಾಜ್ಯವನ್ನೂ ಕೊಹಿನೂರ್ ವಜ್ರವನ್ನೂ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಕಾಲದಲ್ಲಿ ಕಳೆದುಕೊಂಡರು. 1854ರಲ್ಲಿ ಇಂಗ್ಲೆಂಡಿಗೆ ಬಂದ ಅವರು ಥೆಟ್‌ಫರ್ಡ್‌ನಿಂದ ಕೆಲವೇ ಮೈಲಿ ದೂರದ ಎಲ್ವ್‌ಡನ್ ಎಸ್ಟೇಟನ್ನು ಕೊಂಡು, ಆ ಬಂಗಲೆಯ ಒಳಾಂಗಣವನ್ನು ಹಿಂದೂಸ್ತಾನದ ಅರಮನೆಗಳ ಮಾದರಿಯಲ್ಲಿ ಮಾರ್ಪಡಿಸಿದರು. 1868ರಲ್ಲಿ ಹುಟ್ಟಿದ ಫ್ರೆಡರಿಕ್ ಅಲ್ಲಿಯೇ ಬೆಳೆದು, ಕೇಂಬ್ರಿಜ್‌ನಲ್ಲಿ ಇತಿಹಾಸವನ್ನು ಓದಿದರು. ಮುಂದೆ ಬ್ಲೋ ನಾರ್ಟನ್ ಎಂಬ ಹಳ್ಳಿಯಲ್ಲಿ ನೆಲೆಸಿ, ಶಿಥಿಲವಾಗುತ್ತಿದ್ದ ಚರ್ಚುಗಳ ರಕ್ಷಣೆಗೆ ಶ್ರಮಿಸಿದರು. ಆ ಸೀಮೆಯ ನಾರ್ಫಕ್ ಮತ್ತು ಸಫಕ್ ಕೌಂಟಿಗಳ ಜನರ ಹಳೆಯ ಭಾವಚಿತ್ರಗಳನ್ನು ಒಂದೊಂದಾಗಿ ಕೂಡಿಹಾಕಿದರು. 1921ರಲ್ಲಿ ಈ ಮನೆಯನ್ನು ಥೆಟ್‌ಫರ್ಡ್ ಊರಿಗೆ ದಾನವಾಗಿ ಕೊಟ್ಟರು. 1924ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ತನ್ನ ಮನೆತನದ ನೆಲವೂ ಬೊಕ್ಕಸವೂ ಕೈತಪ್ಪಿಹೋದ ಮೇಲೆ, ತಾನು ಬೆಳೆದ ಪರಊರಿನ ಹಳೆಯ ವಸ್ತುಗಳು ಕೈತಪ್ಪದಂತೆ ಜೀವನವಿಡೀ ನೋಡಿಕೊಂಡ ಈ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವವಿದೆ. ಭಾರತದವರಾದ ನಾವು ಅವರ ಹೆಸರನ್ನು ಇನ್ನೂ ಹೆಚ್ಚು ತಿಳಿದಿರಬೇಕಿತ್ತು.

ವಸ್ತುಸಂಗ್ರಹಾಲಯದಲ್ಲಿ ಈ ಮನೆತನದ ಕಥೆಯ ಜೊತೆಗೆ ಥೆಟ್‌ಫರ್ಡ್ ನಿಧಿಯ ಪ್ರತಿಕೃತಿಗಳೂ ಇವೆ. 1979ರಲ್ಲಿ ಊರಿನ ಅಂಚಿನ ಗುಡ್ಡದಲ್ಲಿ ಸಿಕ್ಕಿದ ಈ ರೋಮನ್ ನಿಧಿಯಲ್ಲಿ 22 ಚಿನ್ನದ ಉಂಗುರಗಳೂ 33 ಬೆಳ್ಳಿ ಚಮಚಗಳೂ ಇದ್ದವು. ಹಲವು ಚಮಚಗಳ ಮೇಲೆ ಫಾನಸ್ ಎಂಬ ದೇವರ ಹೆಸರನ್ನು ಕೊರೆಯಲಾಗಿದೆ. ಸಿಕ್ಕಿದ ಸಂಗತಿಯನ್ನು ತಡವಾಗಿ ತಿಳಿಸಿದ್ದರಿಂದ, ಪುರಾತತ್ವಜ್ಞರು ನೋಡುವ ಮೊದಲೇ ಆ ಜಾಗದ ಮೇಲೆ ಕಟ್ಟಡ ಎದ್ದಿತ್ತು. ಮೂಲ ವಸ್ತುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಅಲ್ಲಿಂದ ಹೊರಬಂದರೆ ಊರೆಲ್ಲವನ್ನೂ ನಡೆದೇ ನೋಡಬಹುದು. 1737ರಲ್ಲಿ ಇಲ್ಲಿ ಹುಟ್ಟಿದ, ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಬರೆದ ಥಾಮಸ್ ಪೇನ್ ಅವರ ಹೊಂಬಣ್ಣದ ಪ್ರತಿಮೆ ಹತ್ತಿರದಲ್ಲಿಯೇ ಇದೆ. ನಾರ್ಮನ್ನರು ಮಣ್ಣು ಪೇರಿಸಿ ಎತ್ತರಿಸಿದ ಕೋಟೆದಿಬ್ಬವನ್ನು ಮೆಟ್ಟಿಲೇರಿ ಹತ್ತಬಹುದು. ಹನ್ನೆರಡನೆಯ ಶತಮಾನದ ಕ್ರೈಸ್ತ ಮಠದ ಪಾಳುಗೋಡೆಗಳು ಹುಲ್ಲಿನ ನಡುವೆ ನಿಂತಿವೆ. ನದಿಯ ನಡುವಿನ ಬಟನ್ ದ್ವೀಪದಲ್ಲಿ ಮಹಾರಾಜ ದುಲೀಪ್ ಸಿಂಗರು ಕುದುರೆಯೇರಿದ ಕಂಚಿನ ಪ್ರತಿಮೆಯಿದೆ; ಅದನ್ನು 1999ರಲ್ಲಿ ಅನಾವರಣ ಮಾಡಲಾಯಿತು.

ಒಂದು ದಿನ ಹೆಚ್ಚು ಇದ್ದರೆ ಗ್ರೈಮ್ಸ್ ಗ್ರೇವ್ಸ್‌ಗೆ ಹೋಗದೆ ಬರಬೇಡಿ. ಹೆಸರಿನಲ್ಲಿ ಗೋರಿಯೆಂಬ ಮಾತಿದ್ದರೂ ಇವು ಗೋರಿಗಳಲ್ಲ. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ನವಶಿಲಾಯುಗದ ಜನರು ಚಕಮಕಿ ಕಲ್ಲಿಗಾಗಿ ಸುಣ್ಣಕಲ್ಲಿನ ನೆಲವನ್ನು ಅಗೆದ ಗಣಿಗಳು. ನಾನೂರಕ್ಕೂ ಮಿಕ್ಕಿದ ಗುಂಡಿಗಳು ಮುಚ್ಚಿಹೋಗಿ, ಹುಲ್ಲುಗಾವಲಿನ ಮೇಲೆ ತಗ್ಗುತಗ್ಗಾಗಿ ಕಾಣುತ್ತವೆ. ಅವುಗಳಲ್ಲಿ ಒಂದಕ್ಕೆ ಸುಮಾರು ಒಂಬತ್ತು ಮೀಟರ್ ಆಳದವರೆಗೆ ಇಳಿಯಬಹುದು. ಅಗೆಯಲು ಅವರಿಗಿದ್ದದ್ದು ಜಿಂಕೆಯ ಕೊಂಬು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಉತ್ಖನನ ಮಾಡಿದ ಗ್ರೀನ್‌ವೆಲ್ ಎಂಬ ಪಾದ್ರಿಗೆ ಸಿಕ್ಕಿದ ಅಂಥದೊಂದು ಕೊಂಬಿನ ಮೇಲೆ ಒಣಗಿದ ಸುಣ್ಣದ ಪುಡಿಯಿತ್ತು, ಆ ಪುಡಿಯಲ್ಲಿ ಅದನ್ನು ಹಿಡಿದ ಕೆಲಸಗಾರನ ಬೆರಳಿನ ಗುರುತು ಹಾಗೆಯೇ ಉಳಿದಿತ್ತು.

ಎಲ್ವ್‌ಡನ್ ಬಂಗಲೆ ಈಗ ಖಾಸಗಿ ಆಸ್ತಿ. ಆದರೆ ಅಲ್ಲಿನ ಚರ್ಚಿನ ಅಂಗಳದಲ್ಲಿ 1893ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ಮಹಾರಾಜರ ಸಮಾಧಿಯೂ, ಪಕ್ಕದಲ್ಲಿ ಅವರ ಪತ್ನಿ ಬಾಂಬಾ ಮತ್ತು ಮಗ ಎಡ್ವರ್ಡ್ ಅವರ ಸಮಾಧಿಗಳೂ ಇವೆ. ಬ್ರಿಟನ್ನಿನ ನಾನಾ ಕಡೆಯಿಂದ ಸಿಖ್ಖರು ಬಂದು ಅಲ್ಲಿ ತಲೆಬಾಗುತ್ತಾರೆ. ಫ್ರೆಡರಿಕ್ ಅವರ ಸಮಾಧಿಯನ್ನು ಅಲ್ಲಿ ಹುಡುಕಬೇಡಿ. ಊರಿಗೆ ಮನೆಯನ್ನೂ ಭಾವಚಿತ್ರಗಳನ್ನೂ ಬಿಟ್ಟು 1926ರಲ್ಲಿ ಕಣ್ಮುಚ್ಚಿದ ಅವರು, ತಾವು ನೆಲೆಸಿದ್ದ ಬ್ಲೋ ನಾರ್ಟನ್ ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಲಗಿದ್ದಾರೆ.