ಸೀಟಿನ ಸಾಲು ಎಣಿಸಿ ಹೆಸರಿಟ್ಟ ಬಸ್ಸು

ನಮಸ್ಕಾರ. ಹೆದ್ದಾರಿಯಲ್ಲಿ ಬರೀ ಚಾಸಿ ಓಡಿಸಿಕೊಂಡು ಹೋಗುವುದನ್ನು ನೋಡಿರ್ತೀರಿ ಅಲ್ವಾ? ಬಾಡಿ ಇಲ್ಲ, ಗಾಜಿಲ್ಲ, ಮೇಲೆ ಸೂರಿಲ್ಲ. ತಲೆಗೆ ಹೆಲ್ಮೆಟ್, ಮುಖಕ್ಕೆ ಟವೆಲ್ ಸುತ್ತಿಕೊಂಡು ಡ್ರೈವರ್ ಬಿಸಿಲಲ್ಲೇ ಕೂತಿರುತ್ತಾರೆ. ಆ ಚಾಸಿ ಬಾಡಿ ಕಟ್ಟುವವರ ಶೆಡ್ಡು ಸೇರಿದ ಮೇಲೆ ಬಸ್ಸಾಗುತ್ತದೆ. ಅದು ಎದುರಾದಾಗೆಲ್ಲ ನನಗೆ ಜರ್ಮನಿಯ ಒಂದು ಮನೆತನ ನೆನಪಾಗುತ್ತದೆ.

ಕೇಸ್‌ಬೋರರ್ ಮನೆತನ. ಊರು ಡ್ಯಾನ್ಯೂಬ್ ನದಿ ದಂಡೆಯ ಉಲ್ಮ್. 1893ರಲ್ಲಿ ಕಾರ್ಲ್ ಕೇಸ್‌ಬೋರರ್ ಅಲ್ಲಿ ಗಾಡಿ ಕಟ್ಟುವ ಕಾರ್ಖಾನೆ ಶುರು ಮಾಡಿದರು. ಆಮೇಲೆ ಬಸ್ಸು ಬಂತು. ಎಷ್ಟೋ ವರ್ಷ ಅವರೂ ನಮ್ಮವರ ಹಾಗೇ ಬೇರೆ ಕಂಪನಿಗಳ ಚಾಸಿ ಮೇಲೆ ಬಾಡಿ ಕಟ್ಟಿದರು.

ತೊಂದರೆ ಇರುವುದೇ ಅಲ್ಲಿ. ಲಾರಿ ಚಾಸಿ ಇರುವುದು ಮೂಟೆ ಹೊರುವುದಕ್ಕೆ. ಅದರ ಮೇಲೆ ಸುಮ್ನೆ ಸೀಟು ಜೋಡಿಸಿದರೆ ಏನಾಗುತ್ತದೆ? ಅಜ್ಜಿಯಂದಿರು ಕಂಬಿ ಹಿಡಿದು ಜಗ್ಗಿಕೊಂಡು ಹತ್ತಬೇಕಾದ ಮೆಟ್ಟಿಲು. ಡ್ರೈವರ್ ಪಕ್ಕ ಕಾದು ಕೆಂಡವಾದ ಬಾನೆಟ್. ಇನ್ನು ಕಡೇ ಸೀಟಿನಲ್ಲಿ ಕೂತವರನ್ನು ಕೇಳಲೇಬೇಡಿ, ಹಂಪ್ ಬಂದಾಗೆಲ್ಲ ಒಂದು ಗೇಣು ಮೇಲೆ ಹಾರಿ ಬೀಳುತ್ತಾರೆ.

ಕಾರ್ಲ್ ಅವರ ಮಗ ಒಟ್ಟೋ ಆ ಚಾಸಿಯನ್ನೇ ಬೇಡ ಎಂದರು. ಉಕ್ಕಿನ ಕೊಳವೆಗಳನ್ನು ಬೆಸೆದು ಪಂಜರದಂಥ ಒಂದು ಚೌಕಟ್ಟು ಮಾಡಿದರು. ಭಾರ ಹೊರುವುದು ಆ ಪಂಜರವೇ. ಬಸ್ಸು ಹಗುರಾಯಿತು. ಎಂಜಿನ್ ಹಿಂದಕ್ಕೆ ಹೋಯಿತು. 1951ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ಅದನ್ನು ತಂದರು. ತನ್ನ ಭಾರ ತಾನೇ ಹೊರುವುದಕ್ಕೆ ಜರ್ಮನ್‌ನಲ್ಲಿ ‘ಜೆಲ್ಬ್‌ಸ್ಟ್‌ಟ್ರಾಗೆಂಡ್’ ಅನ್ನುತ್ತಾರೆ. ಅದರಿಂದಲೇ ‘ಸೆಟ್ರಾ’ ಎಂಬ ಹೆಸರು.

ಆ ಮೊದಲ ಸೆಟ್ರಾದ ಪೂರ್ತಿ ಹೆಸರು ಎಸ್ 8. ಎಂಟು ಏನು ಗೊತ್ತಾ? ಎಂಟು ಸಾಲು ಸೀಟು. 1955ರಲ್ಲಿ ಬಂದ ಚಿಕ್ಕ ಬಸ್ಸು ಎಸ್ 6, ಆರು ಸಾಲು. ಎಂಜಿನ್ನಿನ ತಾಕತ್ತು ನೋಡಿ ಹೆಸರಿಡಲಿಲ್ಲ, ಜನ ಕೂರುವ ಸಾಲು ಎಣಿಸಿ ಇಟ್ಟರು. ನನಗೆ ಈ ಕಂಪನಿ ಮೇಲೆ ಇಷ್ಟು ಪ್ರೀತಿ ಇರುವುದು ಇದೊಂದೇ ಕಾರಣಕ್ಕೆ.

ನಮ್ಮ ಶೆಡ್ಡುಗಳಲ್ಲಿ ಬೆಸುಗೆ ಹಾಕುವವರ ಕೈಚಳಕ ಯಾರಿಗೂ ಕಮ್ಮಿ ಇಲ್ಲ. ಆದರೆ ಬೇರೆಯವರು ಕಳಿಸಿದ ಚಾಸಿಯ ಅಳತೆಗೆ ಅವರ ಕೈ ಕಟ್ಟಿಹಾಕಿದ್ದೇವೆ. ವೋಲ್ವೋ ಬಂದ ಮೇಲೆ ಹಿಂದೆ ಎಂಜಿನ್ ಇರುವ ಬಸ್ಸಿನ ಸುಖ ನಮಗೂ ಗೊತ್ತಾಯಿತು. ಅದು ದೊಡ್ಡ ಊರುಗಳ ನಡುವೆ ಜಾಸ್ತಿ ದುಡ್ಡು ಕೊಡುವವರಿಗೆ ಮಾತ್ರ ಯಾಕೆ? ಹಳ್ಳಿಗೆ ಹೋಗುವ ಕೆಂಪು ಬಸ್ಸಿಗೂ ಅದು ಬರಬೇಕು.

ಸೆಟ್ರಾ ಈಗ ಆ ಮನೆತನದ ಕೈಯಲ್ಲಿಲ್ಲ. 1995ರಲ್ಲಿ ಬಸ್ಸಿನ ವ್ಯವಹಾರ ಡೈಮ್ಲರ್-ಬೆಂಜ್ ಪಾಲಾಯಿತು. ಕೇಸ್‌ಬೋರರ್ ಹೆಸರು ಬಸ್ಸಿನಿಂದ ಹೋಯಿತು, ಸೆಟ್ರಾ ಉಳಿಯಿತು. ಎಣಿಕೆಯನ್ನೂ ಹೊಸಬರು ಬದಲಿಸಲಿಲ್ಲ. ಎಸ್ 515 ಅಂದರೆ 500ರ ಸರಣಿ, 15 ಸಾಲು ಸೀಟು.