ನೀಲಿ ಲೈಟಿನ ಕೆಳಗೆ ಎಲ್ಲಾ ಚಂದವೇ: ಕಾರವಾರದ ಮನೆಯಲ್ಲೊಂದು ಹವಳದ ಟ್ಯಾಂಕ್

ನಮಸ್ಕಾರ, ಎಲ್ಲರೂ ಆರಾಮಾ? ಈಗ ಸಂಜೆ 5:30. ಹೊರಗೆ ಮಳೆ ಹೊಡೆಯುತ್ತಿದೆ. ಕೋಡಿಬಾಗದ ಕಡೆಯಿಂದ ಗಾಳಿ ಎಷ್ಟಿದೆ ಅಂದರೆ ಮೈಕಿಗೊಂದು ಕಾಲುಚೀಲ ಸುತ್ತಿ ರೆಕಾರ್ಡ್ ಮಾಡುತ್ತಿದ್ದೇನೆ. ನಗಬೇಡಿ, ಒಗೆದ ಕಾಲುಚೀಲವೇ.

ಇದು ನಮ್ಮ ಮನೆಯ ಟ್ಯಾಂಕ್. ಎರಡೂವರೆ ಅಡಿ ಉದ್ದ, ಸುಮಾರು 150 ಲೀಟರ್ ನೀರು. ಬಿಳಿ ಲೈಟ್ ಈಗಷ್ಟೇ ಆರಿತು, ನೀಲಿ ಮಾತ್ರ ಉಳಿದಿದೆ. ಮೊಬೈಲ್ ಕ್ಯಾಮೆರಾಗೆ ಈ ನೀಲಿ ಕಂಡರೆ ತಲೆ ಕೆಡುತ್ತದೆ, ಶಾಯಿ ಚೆಲ್ಲಿದ ಹಾಗೆ ಬರುತ್ತದೆ, ಅದಕ್ಕೆ ಲೆನ್ಸಿನ ಮುಂದೆ ಕಿತ್ತಳೆ ಬಣ್ಣದ ಫಿಲ್ಟರ್ ಇಟ್ಟಿದ್ದೇನೆ. ಎಡಗಡೆ ಕಲ್ಲಿನ ಮೇಲೆ ಹಸಿರು ಉಂಗುರ, ನಡುವೆ ಕಿತ್ತಳೆ ಚುಕ್ಕೆ, ಒಂದೊಂದೂ ಶರ್ಟಿನ ಗುಂಡಿಯಷ್ಟು ಇವೆಯಲ್ಲ, ಅವು ಝೋವಾ ಅನ್ನುವ ಹವಳ. ಕೆಳಗೆ ಮರಳಿನ ಹತ್ತಿರ, ಕಾವಲಿ ಮೇಲೆ ದೋಸೆ ಹಿಟ್ಟು ಹರಡಿದ ಹಾಗೆ ಕೆಂಪಗೆ ಅಗಲವಾಗಿ ಬಿದ್ದುಕೊಂಡಿರುವುದು ಮಶ್ರೂಮ್ ಹವಳ. ಹಿಂದೆ ತೊಗಲಿನ ತರ ಕಾಣುತ್ತಿರುವುದು ಲೆದರ್ ಹವಳ. ಅದು 4 ದಿನದಿಂದ ಮುನಿಸಿಕೊಂಡು ಕೂತಿದೆ. ಅದರ ಕಥೆ ಆಮೇಲೆ.

ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ, ಇದು ನಿಜವಾದ ಬಣ್ಣವಾ ಅಥವಾ ಲೈಟಿನ ಮಹಿಮೆಯಾ ಅಂತ. ಎರಡೂ ಸೇರಿದೆ. ಹವಳ ಗಿಡ ಅಲ್ಲ, ಪ್ರಾಣಿ. ಆದರೆ ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಕೂತಿರುತ್ತದೆ, ಝೂಕ್ಸಾಂಥೆಲ್ಲೆ ಅಂತ ಹೆಸರು. ಬೆಳಕು ಬಿದ್ದರೆ ಅದು ಅಡುಗೆ ಮಾಡುತ್ತದೆ, ಹವಳ ಉಣ್ಣುತ್ತದೆ. ಅಂದರೆ ನಾವು ಲೈಟ್ ಹಾಕುವುದು ಒಳಗಿನ ಅಡುಗೆಭಟ್ಟರಿಗೆ. ಈ ಪಾಚಿಯ ಬಣ್ಣ ಕಂದು, ಹೆಚ್ಚು ಕಡಿಮೆ ಚಹಾದ ಬಣ್ಣ. ಹಸಿರು, ಕೆಂಪು, ಕಿತ್ತಳೆ ಇದೆಯಲ್ಲ, ಅದು ಹವಳದ ಸ್ವಂತದ ಪ್ರೋಟೀನು. ನೀಲಿ ಬೆಳಕನ್ನು ನುಂಗಿ ಬೇರೆ ಬಣ್ಣ ಉಗುಳುತ್ತದೆ. ಕೆಂಪಗೆ ಹೊಳೆಯುವ ಅಂಥದ್ದೊಂದು ಪ್ರೋಟೀನನ್ನು ವಿಜ್ಞಾನಿಗಳು 1999ರಲ್ಲಿ ಡಿಸ್ಕೋಸೋಮದಲ್ಲಿ ಕಂಡುಹಿಡಿದರು. ಈಗ ಅದನ್ನು ಲ್ಯಾಬ್‌ಗಳಲ್ಲಿ ಜೀವಕೋಶಗಳಿಗೆ ಗುರುತು ಹಾಕಲು ಬಳಸುತ್ತಾರೆ. ಡಿಸ್ಕೋಸೋಮ ಅಂದರೆ ಬೇರೆ ಯಾರೂ ಅಲ್ಲ, ಮರಳಿನ ಹತ್ತಿರ ಬಿದ್ದುಕೊಂಡಿರುವ ಈ ಸೋಮಾರಿ ಮಶ್ರೂಮಿನ ಬಳಗವೇ.

ನೀಲಿಯೇ ಯಾಕೆ ಅಂತ ನನಗೆ ಅರ್ಥ ಆಗಿದ್ದು ನೇತ್ರಾಣಿ ದ್ವೀಪದಲ್ಲಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 10 ನಾಟಿಕಲ್ ಮೈಲು. ಒಂದು ಡಿಸೆಂಬರ್‌ನಲ್ಲಿ ಸ್ಕೂಬಾ ಮಾಡಲು ಹೋಗಿದ್ದೆ. ಕೈಯಲ್ಲಿ ದೇವಸ್ಥಾನದ ಕೆಂಪು ದಾರ ಇತ್ತು. ಹತ್ತು ಮೀಟರ್ ಕೆಳಗೆ ಹೋಗಿ ಗಡಿಯಾರ ನೋಡೋಣ ಅಂತ ಕೈ ಎತ್ತಿದರೆ, ದಾರ ಕಪ್ಪು! ಹೊಗೆ ಹಿಡಿದ ನೂಲಿನ ತರ. ಗೈಡ್ ಟಾರ್ಚ್ ಹಾಕಿದ ಕೂಡಲೇ ಮತ್ತೆ ಕೆಂಪು. ನೀರು ಮೊದಲು ನುಂಗುವುದೇ ಕೆಂಪು ಬೆಳಕನ್ನು, ಆಳಕ್ಕೆ ಹೋದ ಹಾಗೆ ಉಳಿಯುವುದು ನೀಲಿ. ಹವಳ, ಅದರ ಪಾಚಿ ಎರಡೂ ಆ ನೀಲಿಗೇ ಒಗ್ಗಿಕೊಂಡಿವೆ. ಅದಕ್ಕೇ ಹವಳದ ಟ್ಯಾಂಕಿನ ಲೈಟುಗಳಲ್ಲಿ 420ರಿಂದ 480 ನ್ಯಾನೊಮೀಟರ್ ಒಳಗಿನ ನೀಲಿ ಎಲ್‌ಇಡಿ ಜಾಸ್ತಿ ಇರುತ್ತವೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ ಎಡವಟ್ಟು ಕೇಳಿ. ಹೋದ ವರ್ಷ ಚೌತಿಗೆ ಎರಡು ದಿನ ಇರುವಾಗ ಹೊಸ ಎಲ್‌ಇಡಿ ಬಂತು. ಶಿರಸಿಯಿಂದ ನೆಂಟರೆಲ್ಲ ಬರುವವರಿದ್ದರು. ಸುಮ್ನೆ ಇರಲಾಗದೆ ಸೀದಾ ಶೇಕಡಾ 100ಕ್ಕೆ ಏರಿಸಿದೆ. ಹಳೆಯ ಟ್ಯೂಬ್‌ಲೈಟಿನ ಕೆಳಗೆ ಹಾಯಾಗಿದ್ದ ಹವಳಗಳ ಮೇಲೆ ಒಮ್ಮೆಲೇ ಮೇ ತಿಂಗಳ ಮಧ್ಯಾಹ್ನ ಬಿದ್ದ ಹಾಗೆ. ಮೂರನೇ ದಿನ ಮಶ್ರೂಮ್ ಮುದುಡಿ ಕವಳದ ಅಡಿಕೆಯಷ್ಟಾಯಿತು. ಆದರೆ ಬಣ್ಣ? ಬಣ್ಣ ಮೊದಲಿಗಿಂತ ಜಾಸ್ತಿ! ಕೆಂಡದ ಹಾಗೆ ಹೊಳೆಯುತ್ತಿತ್ತು. ಎಲ್ಲರೂ ಎಂಥಾ ಚಂದ ಅಂದರು, ನಾನೂ ಎದೆ ಉಬ್ಬಿಸಿಕೊಂಡು ಓಡಾಡಿದೆ. ಎಂಟನೇ ದಿನ ಬೆಳಗ್ಗೆ, ಲೈಟ್ ಹತ್ತುವ ಮೊದಲು, ಏನೋ ಹುಡುಕುತ್ತಾ ಮಾಮೂಲಿ ಟಾರ್ಚ್ ಹಾಕಿ ನೋಡಿದರೆ ಮೈಯೆಲ್ಲ ಬಿಳಚಿಕೊಂಡಿದೆ. ಬೆಳಕು ತಡೆಯಲಾಗದೆ ಒಳಗಿನ ಪಾಚಿಯನ್ನು ಹೊರಗೆ ಹಾಕಿಬಿಟ್ಟಿತ್ತು. ಕಂದು ಪರದೆ ಹೋದ ಮೇಲೆ ಬರೀ ಹೊಳೆಯುವ ಪ್ರೋಟೀನ್ ಉಳಿದು, ಅದೇ ನಮಗೆ ಕೆಂಡದಂತೆ ಕಂಡಿದ್ದು. ಅಡುಗೆಭಟ್ಟರೇ ಇಲ್ಲದ ಮನೆಯ ದೀಪಾಲಂಕಾರ ನೋಡಿ ನಾವು ಚಪ್ಪಾಳೆ ತಟ್ಟಿದ್ದೆವು. ಎರಡು ಮಶ್ರೂಮ್ ಲೋಳೆಯಾಗಿ ಕರಗಿ ಹೋದವು. ಮೂರು ಬದುಕಿದವು, ಬಣ್ಣ ಸರಿಯಾಗಲು ಎರಡೂವರೆ ತಿಂಗಳು ಹಿಡಿಯಿತು.

ಅವತ್ತಿನಿಂದ ನೀಲಿ ಲೈಟಿನಲ್ಲಿ ಕಂಡಿದ್ದನ್ನು ನಾನು ನಂಬುವುದಿಲ್ಲ. ವಾರಕ್ಕೊಮ್ಮೆ ಬಿಳಿ ಬೆಳಕಿನಲ್ಲಿ ನೋಡುತ್ತೇನೆ. ಬಿಳಿಯಲ್ಲಿ ಸ್ವಲ್ಪ ಮಂಕಾಗಿ, ಕಂದು ಬೆರೆತ ಹಾಗೆ ಕಂಡರೆ ಸಂತೋಷ.

ಈಗಿನ ಸೆಟ್ಟಿಂಗ್ ಹೇಳುತ್ತೇನೆ. ಬೆಳಗ್ಗೆ 11ಕ್ಕೆ ನೀಲಿ ಮೆಲ್ಲಗೆ ಏರುತ್ತದೆ, 1 ಗಂಟೆಗೆ ಬಿಳಿ ಸೇರಿಕೊಳ್ಳುತ್ತದೆ, 5:30ಕ್ಕೆ ಬಿಳಿ ಬಂದ್, ರಾತ್ರಿ 8:30ಕ್ಕೆ ಪೂರ್ತಿ ಕತ್ತಲೆ. ನೀಲಿ ಶೇಕಡಾ 45, ಬಿಳಿ 15, ಅದಕ್ಕಿಂತ ಮೇಲೆ ಹೋಗಿಲ್ಲ. ಹೊಸ ಲೈಟ್ ತಂದವರು 20ರಿಂದ ಶುರು ಮಾಡಿ, ವಾರಕ್ಕೆ 5 ಏರಿಸಿ, ಅವಸರ ಬೇಡ. ಆದರೆ ನನ್ನ 45 ನಿಮ್ಮ 45 ಅಲ್ಲ. ಲೈಟ್ ಬೇರೆ, ಎತ್ತರ ಬೇರೆ. ಸರಿಯಾಗಿ ಗೊತ್ತಾಗಬೇಕು ಅಂದರೆ ಪಾರ್ ಮೀಟರ್ ಬೇಕು, ಪಾಚಿಗೆ ಉಪಯೋಗಕ್ಕೆ ಬರುವ ಬೆಳಕು ಎಷ್ಟು ಅಂತ ಅಳೆಯುವ ಉಪಕರಣ. ಮೊಬೈಲ್‌ನ ಲಕ್ಸ್ ಆ್ಯಪ್ ನಂಬಬೇಡಿ, ಅದು ನಮ್ಮ ಕಣ್ಣಿನ ಲೆಕ್ಕದಲ್ಲಿ ಅಳೆಯುತ್ತದೆ, ನೀಲಿಯನ್ನು ತೀರಾ ಕಡಿಮೆ ತೋರಿಸುತ್ತದೆ. ಪಾರ್ ಮೀಟರ್ ದುಬಾರಿ. ನಾನು ಮಡಗಾಂವ್‌ನ ಗೆಳೆಯನಿಂದ ಒಂದು ದಿನಕ್ಕೆ ಇಸಿದುಕೊಂಡು ಬಂದೆ. ಮರಳಿನ ಹತ್ತಿರ 55, ನಡು ಕಲ್ಲಿನ ಮೇಲೆ 90, ತುದಿಯಲ್ಲಿ 140 ಬಂತು. ಮಶ್ರೂಮ್‌ಗೆ ಕೆಳಗಿನ ಜಾಗ ಸಾಕು, ಝೋವಾ ನಡುವೆ, ಲೆದರ್ ಮೇಲೆ.

ಮೀಟರ್ ಇಲ್ಲದಿದ್ದರೆ ಹವಳವನ್ನೇ ಕೇಳಿ. ಝೋವಾ ಕುತ್ತಿಗೆ ಉದ್ದ ಮಾಡಿ ಮೇಲಕ್ಕೆ ಚಾಚಿದರೆ ಬೆಳಕು ಸಾಲುತ್ತಿಲ್ಲ. ಕಲ್ಲಿಗೆ ಅಂಟಿಕೊಂಡು ಚಪ್ಪಟೆಯಾದರೆ ಜಾಸ್ತಿಯಾಗಿದೆ. ಮಶ್ರೂಮ್ ಹಗಲಿಡೀ ಮುದುಡಿದ್ದರೂ ಅದೇ. ಇನ್ನೊಂದು, ಲೈಟಿನ ಗಾಜಿನ ಮೇಲೆ ಉಪ್ಪಿನ ಪುಡಿ ಕೂರುತ್ತದೆ, ಅದನ್ನು ಒರೆಸುತ್ತಿರಿ. ಒಂದು ಸಲ ಒಂದು ತಿಂಗಳು ಒರೆಸದೆ ಬಿಟ್ಟು, ಬಣ್ಣ ಯಾಕೆ ಮಂಕಾಯಿತು ಅಂತ ನೀರನ್ನೇ ಪರೀಕ್ಷೆ ಮಾಡುತ್ತಾ ಕೂತಿದ್ದೆ.

ಉಪ್ಪು ಅಂದ ಕೂಡಲೇ ಆಯಿ ನೆನಪಾದಳು. ಶಿರಸಿಯಿಂದ ಬಂದವಳು ನಾನು ಬಕೆಟ್‌ನಲ್ಲಿ ಆರ್‌ಒ ನೀರಿಗೆ ಅಕ್ವೇರಿಯಂಗೆಂದೇ ಬರುವ ಪ್ಯಾಕೆಟ್ ಉಪ್ಪು ಕಲಸುವುದನ್ನು ನೋಡಿ, "ಸಮುದ್ರ ಇಲ್ಲೇ ಇದ್ದಲಾ ತಮಾ, ಉಪ್ಪು ಎಂತಕ್ಕೆ ಕೊಂಡು ತರದು?" ಅಂದಳು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಮಳೆಯಲ್ಲಿ ಸದಾಶಿವಗಡದ ಸೇತುವೆ ಮೇಲೆ ನಿಂತು ಕಾಳಿ ನದಿ ನೋಡಿ. ಕೆಂಪು ನೀರು ಸೀದಾ ಸಮುದ್ರಕ್ಕೆ. ದಡದ ನೀರು ಅರ್ಧ ಸಿಹಿ, ಮೇಲಿಂದ ಮಣ್ಣು. ಹವಳಕ್ಕೆ ಬೇಕಾಗಿದ್ದು ವರ್ಷವಿಡೀ ಒಂದೇ ತರದ ಉಪ್ಪು, ಲೀಟರಿಗೆ ಸುಮಾರು 35 ಗ್ರಾಂ, ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ 1.025. ವಾರಕ್ಕೆ 15 ಲೀಟರ್ ಬದಲಿಸುತ್ತೇನೆ. ಆವಿಯಾಗಿ ಇಳಿದ ನೀರಿಗೆ ಮಾತ್ರ ಉಪ್ಪಿಲ್ಲದ ಆರ್‌ಒ ನೀರೇ ಹಾಕಬೇಕು, ಉಪ್ಪು ಆವಿಯಾಗಿ ಹೋಗುವುದಿಲ್ಲ ಅಲ್ವಾ.

ಬಿಸಿಲಿನ ಕಾಟ ಬೇರೆ. ನೀರು 25, 26 ಡಿಗ್ರಿ ಇದ್ದರೆ ಒಳ್ಳೆಯದು. ಏಪ್ರಿಲ್‌ನಲ್ಲಿ ಇಲ್ಲಿ ಬಿಟ್ಟರೆ ಬಿಟ್ಟಷ್ಟು, 30 ದಾಟುತ್ತದೆ. ಜಾಸ್ತಿ ಬೆಳಕಿನ ಜೊತೆ ಬಿಸಿಯೂ ಸೇರಿದರೆ ಬಿಳಚಿಕೊಳ್ಳುವುದು ಇನ್ನೂ ಬೇಗ. ನೀರಿನ ಮೇಲೆ ಫ್ಯಾನ್ ಇಡಿ ಅಂತ ಎಲ್ಲರೂ ಹೇಳುತ್ತಾರೆ, ಅದು ತಂಪು ಮಾಡುವುದು ನೀರು ಆವಿಯಾಗುವುದರಿಂದ. ಒಣಹಾಕಿದ ಬಟ್ಟೆಯೇ ಸಂಜೆಯಾದರೂ ಒಣಗದ ಕಾರವಾರದಲ್ಲಿ ಫ್ಯಾನ್ ಏನು ಮಾಡೀತು? ಒಂದು ಡಿಗ್ರಿ ಇಳಿದರೆ ಪುಣ್ಯ. ಕೊನೆಗೆ ನೀರು ತಂಪು ಮಾಡುವ ಚಿಲ್ಲರ್ ಹಾಕಿಸಿದೆ, ಕರೆಂಟ್ ಬಿಲ್ ಬಂದ ದಿನ ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡುವುದಿಲ್ಲ.

ಕರೆಂಟ್ ಹೋದಾಗ ಲೈಟಿನ ಚಿಂತೆ ಬೇಡ. ಒಂದೆರಡು ದಿನ ಕತ್ತಲಲ್ಲಿದ್ದರೆ ಹವಳಕ್ಕೆ ಏನೂ ಆಗುವುದಿಲ್ಲ. ನೀರು ಅಲುಗದೆ ನಿಂತರೆ ಮಾತ್ರ ಆಮ್ಲಜನಕ ಇಳಿದು ಮೀನು ಮೊದಲು ಸಾಯುತ್ತವೆ. ಕಳೆದ ಜುಲೈನಲ್ಲಿ 19 ಗಂಟೆ ಕರೆಂಟ್ ಇರಲಿಲ್ಲ, ಬ್ಯಾಟರಿಯ ಪುಟ್ಟ ಏರ್ ಪಂಪ್ ಒಂದೇ ಎಲ್ಲವನ್ನೂ ಕಾಪಾಡಿತು.

ಇನ್ನು ಎರಡು ಮಾತು ಗಂಭೀರವಾಗಿಯೇ ಹೇಳಬೇಕು. ನೇತ್ರಾಣಿಯಿಂದ ಒಂದು ತುಂಡು ತಂದುಕೊಡುತ್ತೀಯಾ ಅಂತ ನನ್ನನ್ನು ಕೇಳಬೇಡಿ. ಕಲ್ಲು ಹವಳ, ಸಮುದ್ರ ಬೀಸಣಿಗೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿವೆ, ಹುಲಿ ಇರುವ ಪಟ್ಟಿ ಅದು. ನನ್ನ ಟ್ಯಾಂಕಿನಲ್ಲಿ ಕಲ್ಲು ಹವಳ ಒಂದೂ ಇಲ್ಲ. ಇರುವುದೆಲ್ಲ ಬೇರೆ ಹವ್ಯಾಸಿಗಳ ಟ್ಯಾಂಕಿನಲ್ಲಿ ಬೆಳೆದು ಕತ್ತರಿಸಿ ಕೊಟ್ಟ ತುಂಡುಗಳು. ಎರಡನೆಯದು, ಝೋವಾ. ಇದರ ಜಾತಿಯ ಕೆಲವದರಲ್ಲಿ ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಮುಟ್ಟುವಾಗ ಗ್ಲೌಸ್, ಕತ್ತರಿಸುವಾಗ ಕನ್ನಡಕ. ಝೋವಾ ಇರುವ ಕಲ್ಲನ್ನು ಕುದಿಸಿ ತೊಳೆಯುವ ಬುದ್ಧಿವಂತಿಕೆ ಮಾತ್ರ ಬೇಡವೇ ಬೇಡ, ಆ ಹಬೆ ಉಸಿರಾಡಿ ಆಸ್ಪತ್ರೆ ಸೇರಿದವರಿದ್ದಾರೆ.

ಸರಿ, ಈಗ ಮುನಿಸಿಕೊಂಡವನ ಹತ್ತಿರ ಹೋಗೋಣ. ಲೆದರ್ ಹವಳ ಆಗಾಗ ಹೀಗೆ ಮಾಡುತ್ತದೆ. ಪಾಲಿಪ್, ಅಂದರೆ ಮೈಮೇಲಿನ ಪುಟ್ಟ ಹೂವಿನಂಥ ಬಾಯಿಗಳನ್ನು, ಎಲ್ಲ ಒಳಗೆ ಎಳೆದುಕೊಂಡು, ಮೈಮೇಲೆ ಮೇಣದಂಥ ಪೊರೆ ಕಟ್ಟಿಕೊಂಡು ದಿನಗಟ್ಟಲೆ ಕೂರುತ್ತದೆ. ಮೊದಲ ಸಲ ನೋಡಿದಾಗ ಸತ್ತೇ ಹೋಯಿತು ಅಂತ ಲೈಟ್ ಬದಲಿಸಿ, ಜಾಗ ಬದಲಿಸಿ, ನೀರು ಬದಲಿಸಿ ಅದರ ಪ್ರಾಣ ತಿಂದಿದ್ದೆ. ಹಾವು ಪೊರೆ ಬಿಟ್ಟ ಹಾಗೆ ಅಷ್ಟೇ, ಮೇಲೆ ಕೂತ ಪಾಚಿ ಕಸ ಎಲ್ಲ ಪೊರೆಯ ಜೊತೆ ಹೋಗುತ್ತದೆ. ನಾವು ಮಾಡಬೇಕಾದ್ದು ನೀರಿನ ಹರಿವು ಚೆನ್ನಾಗಿ ತಾಗುವ ಹಾಗೆ ನೋಡಿಕೊಳ್ಳುವುದು, ಫಿಲ್ಟರಿನಲ್ಲಿ ಒಂದು ಚೀಲ ಆಕ್ಟಿವೇಟೆಡ್ ಕಾರ್ಬನ್ ಇಡುವುದು.

ಇವತ್ತು ಒಂದು ಅಂಚು ಎದ್ದಿದೆ. ಈ ಪ್ಲಾಸ್ಟಿಕ್ ಪಿಪೆಟ್‌ನಿಂದ ಮೆಲ್ಲಗೆ ನೀರು ಊದುತ್ತೇನೆ, ನೋಡಿ... ಹಾಲಿನ ಕೆನೆಯ ಹಾಗೆ ಸುರುಳಿ ಬಿಚ್ಚಿಕೊಂಡು ಹೋಯಿತಲ್ಲ. ಕ್ಲೌನ್ ಮೀನು ಓಡಿ ಬಂದು ಮೂಸಿ ಉಗುಳಿತು. ಪೊರೆ ಹೋದ ಜಾಗದಲ್ಲಿ, ಸಾಸಿವೆಯಷ್ಟು ಸಣ್ಣ ಪಾಲಿಪ್ ಒಂದು ಹೊರಗೆ ಇಣುಕುತ್ತಿದೆ. ತಡೀರಿ, ಫೋಕಸ್ ಆಗುತ್ತಿಲ್ಲ. ಹಾಂ, ಈಗ ಸಿಕ್ಕಿತು. ಪಕ್ಕದಲ್ಲಿ ಇನ್ನೆರಡು.